ಪಿಂಕ್ ಪ್ಯಾಂಥರ್ ಟ್ಯೂನ್: ಮ್ಯಾನ್ಸಿನಿ ಮಾತು ಕೇಳಿ ಕಲಿತದ್ದು

ಪಿಂಕ್ ಪ್ಯಾಂಥರ್ ಟ್ಯೂನ್ ಯಾರಿಗೆ ಗೊತ್ತಿಲ್ಲ ಹೇಳಿ. ಹೆಸರು ಗೊತ್ತಿಲ್ಲದವರೂ ‘ಟಡಂ... ಟಡಂ...’ ಅಂತ ಶುರು ಮಾಡಿದರೆ ಮುಂದಿನದನ್ನು ತಾವೇ ಗುನುಗಿ ಮುಗಿಸುತ್ತಾರೆ. ಟೆನರ್ ಸ್ಯಾಕ್ಸೊಫೋನ್ ಕೈಗೆ ಬಂದಾಗಿನಿಂದ ಇದೊಂದನ್ನಾದರೂ ಸರಿಯಾಗಿ ನುಡಿಸಬೇಕು ಅನ್ನೋದು ನನ್ನ ಆಸೆ. ಸ್ವರಗಳು ಬೇಗನೇ ಬಂದವು. ಆದರೆ ಸ್ವರ ಬಂದ ಮಾತ್ರಕ್ಕೆ ಪ್ಯಾಂಥರ್ ಬರುವುದಿಲ್ಲ. ಪುಸ್ತಕದಲ್ಲಿ ಇರುವುದನ್ನು ಇರುವ ಹಾಗೇ ನುಡಿಸಿದರೆ ಪರೇಡ್ ಬ್ಯಾಂಡಿನವರು ನಡೆದು ಹೋದಂತೆ ಕೇಳುತ್ತದೆ. ಬಾಕಿ ಇದ್ದದ್ದನ್ನು ನಾನು ಕಲಿತದ್ದು ಟ್ಯೂನ್ ಬರೆದ ಹೆನ್ರಿ ಮ್ಯಾನ್ಸಿನಿಯವರಿಂದಲೇ.

ಮ್ಯಾನ್ಸಿನಿ 1994ರಲ್ಲಿ ತೀರಿಕೊಂಡರು, ಹಾಗಾಗಿ ಎದುರು ಕೂತು ಕಲಿತದ್ದಲ್ಲ. ಈ ಟ್ಯೂನ್ ಹೇಗೆ ಹುಟ್ಟಿತು ಅಂತ ಅವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರೇ ನಿಂತು ಮಾಡಿಸಿದ ರೆಕಾರ್ಡಿಂಗ್ ಇದೆ. ಒಂದನ್ನು ಓದುವುದು, ಇನ್ನೊಂದನ್ನು ಕೇಳುವುದು, ಮತ್ತೆ ವಾದ್ಯ ಎತ್ತಿಕೊಳ್ಳುವುದು. ನನ್ನ ಪಾಠ ನಡೆದದ್ದು ಹೀಗೆ.

ಅವರ ಮಾತಿನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ವಿಷಯ. ಈ ಟ್ಯೂನನ್ನು ಅವರು ಮೊದಲು ಯೋಚಿಸಿದ್ದು ಆ ಗುಲಾಬಿ ಪ್ರಾಣಿಗಾಗಿ ಅಲ್ಲ, ಒಬ್ಬ ಕಳ್ಳನಿಗಾಗಿ. 1963ರ ಬ್ಲೇಕ್ ಎಡ್ವರ್ಡ್ಸ್ ಸಿನಿಮಾದಲ್ಲಿ ‘ಪಿಂಕ್ ಪ್ಯಾಂಥರ್’ ಅಂದರೆ ಒಂದು ವಜ್ರ. ಅದರೊಳಗೆ ಪ್ಯಾಂಥರ್ ಆಕಾರದ ಒಂದು ದೋಷ ಕಾಣುತ್ತದೆ, ಅದಕ್ಕೇ ಆ ಹೆಸರು. ಡೇವಿಡ್ ನಿವೆನ್ ಮಾಡಿದ್ದು ಆ ವಜ್ರದ ಮೇಲೆ ಕಣ್ಣಿಟ್ಟ ನಾಜೂಕಿನ ಕಳ್ಳನ ಪಾತ್ರ. ಸೂಟು ಹಾಕಿದ, ಮಾತು ಬಲ್ಲ, ಸದ್ದಿಲ್ಲದೆ ಒಳಗೆ ಬಂದು ಹೋಗುವ ಕಳ್ಳ. ಕಾರ್ಟೂನ್ ಪ್ಯಾಂಥರ್ ಹುಟ್ಟಿದ್ದು ಸಿನಿಮಾದ ಟೈಟಲ್‌ಗಳಿಗೋಸ್ಕರ, ಡಿಪ್ಯಾಟಿ–ಫ್ರೆಲೆಂಗ್ ಸ್ಟುಡಿಯೊದಲ್ಲಿ. ಜನರಿಗೆ ಅದು ಎಷ್ಟು ಹಿಡಿಸಿತು ಅಂದರೆ ಅದಕ್ಕೇ ಪ್ರತ್ಯೇಕ ಕಾರ್ಟೂನ್‌ಗಳು ಬಂದವು. ಮೊದಲನೆಯದು 1964ರ ‘ದಿ ಪಿಂಕ್ ಫಿಂಕ್’. ಅದಕ್ಕೆ ಆಸ್ಕರ್ ಕೂಡ ಬಂತು. ತಮಾಷೆ ನೋಡಿ, ಅದೇ ಸಮಾರಂಭದಲ್ಲಿ ಮ್ಯಾನ್ಸಿನಿಯವರ ಸಂಗೀತಕ್ಕೂ ನಾಮನಿರ್ದೇಶನ ಇತ್ತು, ಪ್ರಶಸ್ತಿ ಮಾತ್ರ ‘ಮೇರಿ ಪಾಪಿನ್ಸ್’ ಪಾಲಾಯಿತು. ಈ ಟ್ಯೂನಿಗೆ ಮೂರು ಗ್ರ್ಯಾಮಿ ಬಂದವು ಅನ್ನಿ.

ಕಳ್ಳ ಅಂತ ಗೊತ್ತಾದ ಮೇಲೆ ನುಡಿಸುವ ರೀತಿಯೇ ಬೇರೆಯಾಯಿತು. ‘ಟಡಂ’ ಅಂದರೆ ಒಂದು ಹೆಜ್ಜೆ. ಆಮೇಲಿನ ಖಾಲಿ ಜಾಗದಲ್ಲಿ ಅವನು ನಿಂತು ಸುತ್ತ ನೋಡುತ್ತಾನೆ. ಇನ್ನೊಂದು ‘ಟಡಂ’, ಇನ್ನೊಂದು ಹೆಜ್ಜೆ. ಮತ್ತೆ ನಿಲ್ಲುತ್ತಾನೆ. ಆಮೇಲೆ ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ಸರಸರನೆ ನಾಲ್ಕೈದು ಹೆಜ್ಜೆ. ಟ್ಯೂನಿನ ಮೊದಲ ಸಾಲು ಇಷ್ಟೇ. ನನ್ನ ಜೊತೆ ಕೀಬೋರ್ಡ್ ನುಡಿಸುವ ಗೆಳೆಯ ಒಮ್ಮೆ ನಿಲ್ಲಿಸಿ ಹೇಳಿದ: “ಲೋ, ಎರಡನೇ ಹೆಜ್ಜೆಗೆ ಅವಸರ ಮಾಡ್ಬೇಡ. ಹಿಂಗೆ ನುಗ್ಗಿದ್ರೆ ಕಳ್ಳ ಬಾಗಿಲಲ್ಲೇ ಸಿಕ್ಕಿಬೀಳ್ತಾನೆ.” ಅದಕ್ಕಿಂತ ಚೆನ್ನಾಗಿ ಇದನ್ನು ಯಾವ ಮೇಷ್ಟ್ರೂ ಹೇಳಲಾರರು.

ಈಗ ಸ್ವರಗಳ ಕಡೆ ಬರೋಣ. ಟ್ಯೂನ್ ಇರುವುದು ಇ ಮೈನರ್‌ನಲ್ಲಿ, ಅಂದರೆ ಇ ಆಧಾರ ಸ್ವರವಾಗಿರುವ ಒಂದು ಪಾಶ್ಚಾತ್ಯ ಸ್ವರಶ್ರೇಣಿಯಲ್ಲಿ. ಶಾರ್ಪ್ ಅಂದರೆ ಅರ್ಧ ಸ್ವರ ಮೇಲೆ, ಫ್ಲ್ಯಾಟ್ ಅಂದರೆ ಅರ್ಧ ಸ್ವರ ಕೆಳಗೆ. ಡಿ ಶಾರ್ಪ್–ಇ, ಎಫ್ ಶಾರ್ಪ್–ಜಿ, ಇವು ಮೊದಲ ಎರಡು ಹೆಜ್ಜೆ. ಆಮೇಲೆ ಅದೇ ನಾಲ್ಕು ಸ್ವರ ಒಟ್ಟಿಗೆ ಓಡಿ, ಸಿ–ಬಿ ಮುಟ್ಟಿ, ಇ–ಜಿ–ಬಿ ಅಂತ ಹತ್ತಿ ಬಿ ಫ್ಲ್ಯಾಟ್ ಮೇಲೆ ಉದ್ದಕ್ಕೆ ನಿಲ್ಲುತ್ತವೆ. ಕೊನೆಗೆ ಎ–ಜಿ–ಇ–ಡಿ–ಇ ಅಂತ ಇಳಿದು ಮನೆ ಸೇರುತ್ತವೆ. ಕರ್ನಾಟಕ ಸಂಗೀತ ಸ್ವಲ್ಪ ಗೊತ್ತಿದ್ದವರು ಇ ಅನ್ನು ಷಡ್ಜ ಮಾಡಿಕೊಂಡು ಹಾಡಿ ನೋಡಿ: ನಿ–ಸ, ರಿ–ಗ. ನಿ–ಸ–ರಿ–ಗ–ದ–ಪ–ಸ–ಗ–ಪ–ಮ... ಮ–ಗ–ಸ–ನಿ–ಸ. ಹತ್ತುವಾಗ ಕಾಕಲಿ ನಿಷಾದ, ಇಳಿದು ಮುಗಿಸುವಾಗ ಕೈಶಿಕಿ ನಿಷಾದ. ಉದ್ದಕ್ಕೆ ನಿಲ್ಲುವುದು ಪ್ರತಿ ಮಧ್ಯಮದ ಮೇಲೆ, ಕೂಡಲೇ ಬರುವುದು ಶುದ್ಧ ಮಧ್ಯಮ. ಎರಡು ಮಧ್ಯಮ ಬೆನ್ನಿಗೆ ಬೆನ್ನು! ನಮ್ಮ ಯಾವ ಮೇಳಕರ್ತದಲ್ಲೂ ಹೀಗೆ ಇರುವುದಿಲ್ಲ. ಆದರೆ ಅಮೆರಿಕದ ಕಪ್ಪು ಜನರ ಹಾಡುಗಳಿಂದ ಬಂದ ಬ್ಲೂಸ್ ಸಂಗೀತದಲ್ಲಿ ಇದು ದಿನನಿತ್ಯದ ಮಾತು. ಕಳ್ಳನ ಜಾರುವ ಗುಣ ಇರುವುದೇ ಈ ಅರ್ಧ ಸ್ವರಗಳಲ್ಲಿ. ಹೀಗೆ ಹಾಡಿಕೊಂಡ ಮೇಲೆ ನನಗೆ ನೋಟ್ಸ್ ನೋಡುವ ಅಗತ್ಯವೇ ಬೀಳಲಿಲ್ಲ.

ಲಯಕ್ಕೂ ನಮ್ಮ ದಾರಿಯೇ ಸುಲಭ. ಜಾಜ್‌ನವರು ‘ಸ್ವಿಂಗ್’ ಅನ್ನುವ ತೂಗುವ ಲಯವನ್ನು ಕಾಗದದ ಮೇಲೆ ಪೂರ್ತಿ ಬರೆಯೋಕೆ ಆಗಲ್ಲ. ಬೀಟನ್ನು ತಿಶ್ರ ನಡೆಯಲ್ಲಿ ‘ತಕಿಟ ತಕಿಟ’ ಅಂತ ಎಣಿಸಿಕೊಳ್ಳಿ. ಓಡುವ ಜೋಡಿಗಳಲ್ಲಿ ಗಿಡ್ಡ ಸ್ವರಕ್ಕೆ ಒಂದು ಪಾಲು, ಉದ್ದದ ಸ್ವರಕ್ಕೆ ಎರಡು ಪಾಲು. ಎರಡನ್ನೂ ಸಮ ಮಾಡಿದರೆ ಪರೇಡ್ ಶುರು. ಗಿಡ್ಡ ಸ್ವರವನ್ನು ಒತ್ತಿ ನುಡಿಸಬಾರದು, ಸುಮ್ನೆ ತಾಗಿಸಿ ದಾಟಬೇಕು. ಭಾರ ಬೀಳಬೇಕಾದದ್ದು ಎರಡನೆಯದರ ಮೇಲೆ.

ಟೆನರ್ ನುಡಿಸುವವರಿಗೆ ಒಂದು ಪ್ರಾಯೋಗಿಕ ಮಾತು. ನಮ್ಮ ವಾದ್ಯ ಬಿ ಫ್ಲ್ಯಾಟ್‌ನದ್ದು. ಪಿಯಾನೋದ ಇ ನಮಗೆ ಎಫ್ ಶಾರ್ಪ್. ಅಂದರೆ ಮೊದಲ ‘ಟಡಂ’ ನಮ್ಮ ಬೆರಳಲ್ಲಿ ಎಫ್–ಎಫ್ ಶಾರ್ಪ್. (ಟೆನರ್‌ಗಿಂತ ಚಿಕ್ಕದಾದ ಆಲ್ಟೊ ಸ್ಯಾಕ್ಸ್‌ನವರಿಗೆ ಇದು ಸಿ–ಸಿ ಶಾರ್ಪ್ ಆಗುತ್ತದೆ.) ಎಫ್‌ಗೆ ಬಲಗೈ ತೋರುಬೆರಳು, ಎಫ್ ಶಾರ್ಪ್‌ಗೆ ಬಲಗೈ ನಡುಬೆರಳು. ಒಂದನ್ನು ಎತ್ತಿ ಇನ್ನೊಂದನ್ನು ಇಡುವ ಆ ಕ್ಷಣದಲ್ಲಿ ಎರಡೂ ಮೇಲಿದ್ದರೆ ನಡುವೆ ಒಂದು ಜಿ ‘ಚಿಕ್’ ಅಂತ ಇಣುಕುತ್ತದೆ. ಕಳ್ಳ ಎಡವಿದ ಹಾಗೆ! ಇದಕ್ಕೆ ಮದ್ದು ವಾದ್ಯದಲ್ಲೇ ಇದೆ. ತೋರುಬೆರಳನ್ನು ಎಫ್ ಮೇಲೆಯೇ ಬಿಟ್ಟು, ಬಲಗೈ ಉಂಗುರಬೆರಳಿನಿಂದ ಪಕ್ಕದ ಸಣ್ಣ ಎಫ್ ಶಾರ್ಪ್ ಕೀ ಒತ್ತಿದರೆ ಸಾಕು. ಒಂದೇ ಬೆರಳು ಅಲುಗುತ್ತದೆ, ಸ್ವರ ಜಾರಿ ಬರುತ್ತದೆ. ತುಂಬಾ ಜನ ಈ ಕೀ ಇರುವುದನ್ನೇ ಮರೆತಿರುತ್ತಾರೆ.

ಇನ್ನೊಂದು ಕಷ್ಟದ ಜಾಗ ಸಿ–ಬಿ. ನಮಗೆ ಅದು ಡಿ–ಸಿ ಶಾರ್ಪ್. ಡಿಗೆ ಆರೂ ಬೆರಳು ಕೆಳಗೆ, ಜೊತೆಗೆ ಸ್ವರವನ್ನು ಮೇಲಿನ ಸ್ಥಾಯಿಗೆ ಏರಿಸುವ ಆಕ್ಟೇವ್ ಕೀ. ಸಿ ಶಾರ್ಪ್‌ಗೆ ಎಲ್ಲಾ ಬೆರಳೂ ಮೇಲೆ. ಕೇಳುವವರಿಗೆ ಅರ್ಧ ಸ್ವರ, ನುಡಿಸುವವರಿಗೆ ಇಡೀ ಕೈ. ದನಿಯೂ ಡಿಯಲ್ಲಿ ದಪ್ಪಗೆ, ಸಿ ಶಾರ್ಪ್‌ನಲ್ಲಿ ತೆಳ್ಳಗೆ ಬರುತ್ತದೆ. ಇದಕ್ಕೆ ಅಡ್ಡದಾರಿ ನನಗೆ ಸಿಕ್ಕಿಲ್ಲ. ಆ ಎರಡು ಸ್ವರಗಳನ್ನೇ ನಿಧಾನಕ್ಕೆ, ಉಸಿರು ಬದಲಿಸದೆ, ಬೆರಳುಗಳನ್ನು ಕೀಗಳಿಂದ ದೂರ ಎತ್ತದೆ ತಿಕ್ಕಿ ತಿಕ್ಕಿ ನುಡಿಸಬೇಕು, ಅಷ್ಟೇ.

ಮ್ಯಾನ್ಸಿನಿ ಹೇಳುವ ಇನ್ನೊಂದು ಮಾತು: ಅವರು ವಾದ್ಯಕ್ಕೆ ಬರೆಯುತ್ತಿರಲಿಲ್ಲ, ಮನುಷ್ಯನಿಗೆ ಬರೆಯುತ್ತಿದ್ದರು. ನುಡಿಸುವವರು ಯಾರು ಅಂತ ಮೊದಲೇ ತೀರ್ಮಾನಿಸಿ, ಅವರ ದನಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆಯುವುದು ಅವರ ಅಭ್ಯಾಸ. ‘ಮೂನ್ ರಿವರ್’ ಹಾಡನ್ನು 1961ರಲ್ಲಿ ಆಡ್ರಿ ಹೆಪ್‌ಬರ್ನ್ ಅವರ ಗಂಟಲಿಗೆ ಎಷ್ಟು ನಿಲುಕುತ್ತದೋ ಅಷ್ಟರಲ್ಲೇ ಕೂರಿಸಿದ್ದರು. ಪಿಂಕ್ ಪ್ಯಾಂಥರ್ ಬರೆಯುವಾಗ ಅವರ ಕಿವಿಯಲ್ಲಿ ಇದ್ದದ್ದು ಪ್ಲಾಸ್ ಜಾನ್ಸನ್ ಅವರ ಟೆನರ್ ಸ್ಯಾಕ್ಸ್. ಲೂಸಿಯಾನಾದ ಈ ವಾದಕರಿಗೆ ರಿದಮ್ ಆಂಡ್ ಬ್ಲೂಸ್ ಮೈಗೂಡಿತ್ತು. ಎರಡೇ ಟೇಕ್‌ನಲ್ಲಿ ಮುಗಿಯಿತೇನೋ, ಮುಗಿದಾಗ ವಯಲಿನ್‌ನವರೂ ಸೇರಿ ಎಲ್ಲರೂ ಚಪ್ಪಾಳೆ ತಟ್ಟಿದರು ಅಂತ ಜಾನ್ಸನ್ ನೆನಪಿಸಿಕೊಂಡಿದ್ದಾರೆ.

ಹಾಗಾದರೆ ನಾನೇನು ಮಾಡಬೇಕು? ಜಾನ್ಸನ್ ಅವರ ನಕಲು ಮಾಡಬೇಕಾ? ಸ್ವಲ್ಪ ದಿನ ಮಾಡಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಶಾಸ್ತ್ರೀಯ ಸಂಗೀತದಲ್ಲಿ ಗುರು ಹಾಡಿದ್ದನ್ನು ಹಾಗೇ ಹಾಡಿ ಕಲಿಯುವುದಿಲ್ಲವಾ, ಇದೂ ಹಾಗೇ. ಜಾನ್ಸನ್ ಅವರ ಕೆಳಗಿನ ಸ್ವರಗಳಲ್ಲಿ ದನಿಗಿಂತ ಮೊದಲು ಉಸಿರು ಕೇಳುತ್ತದೆ. ಇದನ್ನು ಸಬ್‌ಟೋನ್ ಅನ್ನುತ್ತಾರೆ. ಕೆಳದವಡೆಯನ್ನು ಚೂರು ಹಿಂದಕ್ಕೆ ತಂದು, ತುಟಿ ಸಡಿಲ ಬಿಟ್ಟು, ಚಳಿಗೆ ಕೈ ಬೆಚ್ಚಗೆ ಮಾಡಿಕೊಳ್ಳುವಾಗ ಊದುವ ಉಸಿರನ್ನು ಊದಬೇಕು. ಶುರುವಿಗೆ ಬರೀ ಗಾಳಿ ಬರುತ್ತದೆ, ಇಲ್ಲವೇ ಸ್ವರ ಒಡೆಯುತ್ತದೆ. ಉದ್ದದ ಸ್ವರಗಳನ್ನು ದಿನಾ ಹಿಡಿದರೆ ನಿಧಾನಕ್ಕೆ ಕೂಡಿ ಬರುತ್ತದೆ. ಆ ಉದ್ದದ ಬಿ ಫ್ಲ್ಯಾಟ್ ಮೇಲೆ ಅವರು ಕೂಡಲೇ ದನಿ ಅಲುಗಿಸುವುದಿಲ್ಲ ಅನ್ನುವುದನ್ನೂ ಗಮನಿಸಿ. ಮೊದಲು ನೆಟ್ಟಗೆ ಹಿಡಿದು, ಆಮೇಲೆ ಸೋಮಾರಿಯಾಗಿ ಕಂಪನ ಕೊಡುವುದು ನನಗೆ ಒಗ್ಗಿದ ರೀತಿ.

ಮೆಲೊಡಿಗಿಂತ ಮೊದಲು ಕೆಳಗಿನ ಪಕ್ಕವಾದ್ಯ ಕಲಿಯಿರಿ ಅಂತ ಯಾರೇ ಕೇಳಿದರೂ ಹೇಳುತ್ತೇನೆ. ರೆಕಾರ್ಡಿಂಗ್‌ನಲ್ಲೂ ಸ್ಯಾಕ್ಸ್ ಬರುವ ಮೊದಲೇ ಅದು ಬಂದು ಕೂತಿರುತ್ತದೆ. ಸಿ ಶಾರ್ಪ್–ಜಿ ಶಾರ್ಪ್ ಒಟ್ಟಿಗೆ, ಆಮೇಲೆ ಡಿ–ಎ, ಡಿ ಶಾರ್ಪ್–ಎ ಶಾರ್ಪ್, ಕೊನೆಗೆ ಇ–ಬಿ. ಅಂದರೆ ಸ–ಪ ಜೋಡಿಯನ್ನೇ ಮೂರು ಮೆಟ್ಟಿಲು ಕೆಳಗಿನಿಂದ ಒಂದೊಂದಾಗಿ ಹತ್ತಿಸಿ ತಂದಿದ್ದಾರೆ. ಇದರಲ್ಲಿ ಗಾಂಧಾರವೇ ಇಲ್ಲ. ಹಾಗಾಗಿ ಮೇಜರೋ ಮೈನರೋ ಅಂತ ಕಿವಿಗೆ ಗೊತ್ತಾಗುವುದಿಲ್ಲ, ಖುಷಿಯೋ ಭಯವೋ ಅಂತಲೂ ಗೊತ್ತಾಗುವುದಿಲ್ಲ. ಎರಡನೇ ‘ಟಡಂ’ನಲ್ಲಿ ಜಿ ಬಂದಾಗಲೇ ಮೈನರ್ ಅಂತ ಖಾತ್ರಿ. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕುತೂಹಲ ಹುಟ್ಟಿಸಿದ್ದಕ್ಕೆ ಮ್ಯಾನ್ಸಿನಿಗೆ ಕೈಮುಗಿಯಬೇಕು. ಕೀಬೋರ್ಡ್ ಬಾರದವರೂ ಎರಡು ಬೆರಳಿನಲ್ಲಿ ಇದನ್ನು ನುಡಿಸಿ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಬಹುದು. ಅದರ ಮೇಲೆ ಮೆಲೊಡಿ ಅಭ್ಯಾಸ ಮಾಡಿದರೆ ಖಾಲಿ ಜಾಗಗಳನ್ನು ಕಾಯುವುದು ತಾನಾಗಿ ಬರುತ್ತದೆ. ಟಕ್ ಟಕ್ ಅಂತ ಲಯ ತೋರಿಸುವ ಮೆಟ್ರೊನೋಮ್ ಜೊತೆ ಅದು ಬರುವುದಿಲ್ಲ.

ಕೊನೆಯ ಪಾಠ ಚಿತ್ರದ ಜೊತೆ. ಮ್ಯಾನ್ಸಿನಿ ಆನಿಮೇಶನ್‌ನವರಿಗೆ ಮೊದಲು ಟೆಂಪೊ, ಅಂದರೆ ಲಯದ ವೇಗ, ಕೊಟ್ಟರಂತೆ, ಇದಕ್ಕೆ ತಕ್ಕಂತೆ ಬಿಡಿಸಿ ಅಂತ. ಅವರು ಬಿಡಿಸಿ ಮುಗಿಸಿದ ಮೇಲೆ ಚಿತ್ರ ನೋಡಿ, ಎಲ್ಲಿ ಯಾರಿಗೆ ಏಟು ಬೀಳುತ್ತದೋ ಅಲ್ಲೆಲ್ಲ ಸಂಗೀತದ ಒತ್ತು ಬೀಳುವಂತೆ ಬರೆದರು. ಇದನ್ನು ಓದಿದ ಮೇಲೆ ಸಿನಿಮಾದ ಟೈಟಲ್ ಭಾಗದ ಶಬ್ದ ಬಂದ್ ಮಾಡಿ, ಪರದೆ ನೋಡುತ್ತಾ ನುಡಿಸಿದೆ. ಪ್ಯಾಂಥರ್ ನಡೆಯುವಾಗ ಮೆಲ್ಲಗೆ, ಎಲ್ಲೋ ಪೆಟ್ಟು ಬಿದ್ದಾಗ ಜೋರು. ಒತ್ತು ಎಲ್ಲಿ ಅಂತ ನೋಟ್ಸ್ ಹೇಳುವುದಕ್ಕಿಂತ ಆ ಪ್ರಾಣಿಯ ಬಾಲ ಚೆನ್ನಾಗಿ ಹೇಳುತ್ತದೆ. ಮಧ್ಯದಲ್ಲಿ ಟ್ರಂಪೆಟ್, ಟ್ರಾಂಬೋನ್‌ನಂಥ ಬ್ರಾಸ್ ವಾದ್ಯಗಳೆಲ್ಲ ಒಮ್ಮೆಲೇ ಕೂಗುವ ಭಾಗ ಒಂದು ಸ್ಯಾಕ್ಸ್‌ಗೆ ಆಗುವ ಕೆಲಸವಲ್ಲ. ಅಲ್ಲಿ ನಾನು ಸುಮ್ಮನಿದ್ದು, ಮೆಲೊಡಿ ಮರಳಿ ಬರುವಾಗ ಸೇರಿಕೊಳ್ಳುತ್ತೇನೆ.

ಕಾರ್ಟೂನ್‌ಗಳ ಜೊತೆಯೂ ಇದನ್ನೇ ಮಾಡಬಹುದು. ಅಲ್ಲಿ ಮ್ಯಾನ್ಸಿನಿ ಟ್ಯೂನನ್ನು ಮೊದಲು ವಿಲಿಯಂ ಲಾವಾ, ಆಮೇಲೆ ವಾಲ್ಟರ್ ಗ್ರೀನ್ ಬೇರೆ ಬೇರೆ ವೇಷದಲ್ಲಿ ತಂದಿದ್ದಾರೆ. ಪ್ಯಾಂಥರ್ ಒಂದೆರಡು ಕಾರ್ಟೂನ್ ಬಿಟ್ಟರೆ ಮಾತೇ ಆಡುವುದಿಲ್ಲ, ಅವನ ಪರವಾಗಿ ಮಾತಾಡುವುದು ಸಂಗೀತ. ಆದರೆ ಈ ಅಭ್ಯಾಸವನ್ನು ಮೂಲ ರೆಕಾರ್ಡಿಂಗ್ ಪೂರ್ತಿ ಕೈವಶವಾದ ಮೇಲೆ ಮಾಡಿ. ಮೊದಲೇ ಮಾಡಿದರೆ ಯಾವುದು ಮೂಲ, ಯಾವುದು ವೇಷ ಅಂತ ಕಲಸಿಹೋಗುತ್ತದೆ.

ಈಗ ಗೆಳೆಯನ ಜೊತೆ ಮ್ಯಾನ್ಸಿನಿಯವರದ್ದೇ ‘ಬೇಬಿ ಎಲಿಫೆಂಟ್ ವಾಕ್’ ಹಿಡಿದಿದ್ದೇನೆ. 1962ರ ‘ಹಟಾರಿ!’ ಸಿನಿಮಾದ್ದು. ಅದರಲ್ಲೂ ನಡಿಗೆಯೇ, ಈ ಸಲ ಆನೆಮರಿಗಳದ್ದು. ಹೆಜ್ಜೆ ಭಾರವಾಗಿರಬೇಕು, ಆದರೆ ಮರಿಯ ಭಾರ, ದೊಡ್ಡಾನೆಯದ್ದಲ್ಲ. ಸಬ್‌ಟೋನ್ ಇಲ್ಲಿ ನಡೆಯಲ್ಲ. ಗೆಳೆಯನಂತೂ ಕೆಳಗಿನ ಪಕ್ಕವಾದ್ಯ ಮೊದಲು ಗಟ್ಟಿಯಾಗಲಿ, ಅಲ್ಲಿಯವರೆಗೆ ಮೆಲೊಡಿ ಮುಟ್ಟಬೇಡ ಅಂದಿದ್ದಾನೆ.