‘ಐ, ಬೋರ್ಗ್’ ಕಂತಿಗೆ ಧಾರವಾಡ ಕನ್ನಡದಲ್ಲಿ ಸಬ್‌ಟೈಟಲ್ ಬರೆಯುವ ಬಗೆ

‘ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್’ ಎಂಬ ಅಮೆರಿಕದ ವೈಜ್ಞಾನಿಕ ಟಿವಿ ಸರಣಿಯ 5ನೇ ಸೀಸನ್ನಿನ 23ನೇ ಕಂತು ‘ಐ, ಬೋರ್ಗ್’. 1992ರ ಮೇ ತಿಂಗಳಲ್ಲಿ ಪ್ರಸಾರವಾದದ್ದು, ಸುಮಾರು 45 ನಿಮಿಷದ್ದು. ಎಲ್ಲರಿಗೂ ಸೇರಿ ಒಂದೇ ಮನಸ್ಸಿರುವ ಬೋರ್ಗ್ ಗುಂಪಿನ ಹುಡುಗನೊಬ್ಬ ಗಾಯಗೊಂಡು ಸಿಗುತ್ತಾನೆ, ಅಂತರಿಕ್ಷ ಹಡಗಿನವರು ಅವನಿಗೊಂದು ಹೆಸರಿಡುತ್ತಾರೆ, ಕೊನೆಗೆ ಅವನು ‘ವೀ’ ಬಿಟ್ಟು ‘ಐ’ ಅನ್ನುತ್ತಾನೆ. ಇಡೀ ಕಂತು ನಿಂತಿರುವುದು ಒಂದು ಸರ್ವನಾಮದ ಮೇಲೆ. ಕನ್ನಡವೋ ಸರ್ವನಾಮವನ್ನು ಸಲೀಸಾಗಿ ನುಂಗಿಬಿಡುತ್ತದೆ. ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ತೋರಿಸಬೇಕೆಂದರೆ ಅನುವಾದಕ್ಕೆ ಕೈಹಾಕುವ ಮೊದಲು ಕಂತನ್ನು ಒಮ್ಮೆ ಪೂರ್ತಿ ನೋಡಿ, ಯಾರು ಎಲ್ಲಿ ‘ಐ’, ‘ವೀ’, ‘ಇಟ್’, ‘ಹಿಮ್’ ಅಂದರು ಎಂದು ಸಮಯದ ಸಮೇತ ಬರೆದಿಟ್ಟುಕೊಳ್ಳಿ.

ಅಪಾಯ ಕ್ರಿಯಾಪದದ ತುದಿಯಲ್ಲಿದೆ. ನಮ್ಮ ಕಡೆಯ ಮಾತಿನಲ್ಲಿ ‘ಹೋಗತೇವಿ’ಗೂ ‘ಹೋಗತೇನಿ’ಗೂ ಒಂದೇ ಅಕ್ಷರದ ವ್ಯತ್ಯಾಸ; ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತವರಿಗೆ ಆ ‘ವಿ’, ‘ನಿ’ ಒಂದೇ ಥರ ಕಾಣುತ್ತವೆ. ಆದ್ದರಿಂದ ಬೋರ್ಗ್ ಹುಡುಗನ ಮಾತಿನಲ್ಲಿ ‘ನಾವು’ ಬಿಡಲೇಬಾರದು, ಓದಲು ತುಸು ಒರಟಾದರೂ ಸರಿ. ಉಳಿದವರ ಮಾತಿನಲ್ಲಿ ಇನ್ನೊಂದು ಬಲೆ ಇದೆ. ‘ನಮ್ಮ ಗೆಳೆಯಾ’, ‘ನಮ್ಮವ್ವ’ ಅನ್ನುವುದು ನಮಗೆ ಅಭ್ಯಾಸ. ಇಲ್ಲಿ ಹಡಗಿನ ಎಂಜಿನಿಯರ್ ಜಾರ್ಡಿ, ಡಾಕ್ಟರ್ ಬೆವರ್ಲಿ ಕ್ರಷರ್ ಬಾಯಲ್ಲಿ ಕಟ್ಟುನಿಟ್ಟಾಗಿ ‘ನನ್ನ’ ಎಂದೇ ಬರೆಯಿರಿ. ಮನುಷ್ಯರೂ ‘ನಮ್ಮ’ ಅಂದರೆ ಬೋರ್ಗ್‌ಗೂ ಅವರಿಗೂ ಏನು ಅಂತರ ಉಳಿಯಿತು?

ಭಾಷೆಯ ಧಾಟಿ ಎರಡು ಇರಲಿ. ಹಡಗಿನವರಿಗೆ ಧಾರವಾಡದ ಮನೆಮಾತು, ಬೋರ್ಗ್‌ಗೆ ಸರ್ಕಾರಿ ಸುತ್ತೋಲೆಯ ಕನ್ನಡ. ‘ನಿಮ್ಮನ್ನು ವಿಲೀನಗೊಳಿಸಲಾಗುವುದು. ಪ್ರತಿರೋಧ ವ್ಯರ್ಥ.’ ಈ ‘ಲಾಗುವುದು’ ಪ್ರಯೋಗದಲ್ಲಿ ಮಾಡುವವನೇ ಇಲ್ಲ. ಬೋರ್ಗ್‌ಗೆಂದೇ ಹೊಲಿದ ಅಂಗಿ. ‘ವಿಲೀನ’ದ ಬದಲು ‘ಏಕೀಕರಣ’ ಬಳಸುವ ಆಸೆಯಾಗಬಹುದು, ಬೇಡ. ಧಾರವಾಡದಲ್ಲಿ ಆ ಪದ ಕೇಳಿದರೆ 1956 ನೆನಪಾಗುತ್ತದೆ, ಸಭೆ ನಗುತ್ತದೆ.

ಹುಡುಗನ ಮೊದಲ ಗುರುತು ‘ಥರ್ಡ್ ಆಫ್ ಫೈವ್’. ‘ಐವರಲ್ಲಿ ಮೂರನೆಯವ’ ಎಂದು ಬರೆದರೆ ಕೆಟ್ಟಿತು, ಯಾಕೆಂದರೆ ‘ಐವರು’ ಮನುಷ್ಯರ ಲೆಕ್ಕ. ‘ಐದರಲ್ಲಿ ಮೂರನೆಯದು’ ಸರಿ. ಇದೇ ಸೂಕ್ಷ್ಮ ಹಡಗಿನ ಕ್ಯಾಪ್ಟನ್ ಪಿಕಾರ್ಡನ ಮಾತಿಗೂ ಬೇಕು. 1990ರ ಕಂತುಗಳಲ್ಲಿ ಬೋರ್ಗ್ ಅವನನ್ನೇ ಹಿಡಿದು ತಮ್ಮೊಳಗೆ ಸೇರಿಸಿಕೊಂಡಿದ್ದರು. ಆ ಸಿಟ್ಟಿಗೆ ಅವನು ಹುಡುಗನನ್ನು ‘ಅದು’ ಅನ್ನುತ್ತಾನೆ. ಮೊದಲು ಬೋರ್ಗ್ ಎಂದರೆ ಉರಿಯುತ್ತಿದ್ದ, ಹಡಗಿನ ಪಾನಗೃಹ ನೋಡಿಕೊಳ್ಳುವ ಗೈನನ್ ಹುಡುಗನನ್ನು ಕಂಡುಬಂದ ಮೇಲೆ ‘ವ್ಯಕ್ತಿ’ ಅಂದಾಗಲೂ ಪಿಕಾರ್ಡ್ ರೇಗುತ್ತಾನೆ. ‘ಅಂವ’ ಎಂಬ ಪದ ಅವನ ಬಾಯಿಗೆ ತಾನೇ ಹುಡುಗನನ್ನು ಮಾತಾಡಿಸಿದ ಮೇಲೆ ಬರಲಿ. ಜಾರ್ಡಿ ಮಾತ್ರ ಬಹಳ ಮುಂಚೆಯೇ ‘ಅಂವ’ಕ್ಕೆ ತಿರುಗುತ್ತಾನೆ.

ಹೆಸರಿಡುವ ದೃಶ್ಯ ಕಠಿಣ. ‘ಯೂ’ ಅನ್ನುವ ಮಾತಿನಿಂದಲೇ ‘ಹ್ಯೂ’ ಹುಟ್ಟುತ್ತದೆ. ಡಬ್ಬಿಂಗ್ ಆಗಿದ್ದರೆ ‘ನೀ’ಯಿಂದ ‘ನೀಲಾ’ ಮಾಡಬಹುದಿತ್ತು. ಸಬ್‌ಟೈಟಲ್‌ನಲ್ಲಿ ಕಿವಿಗೆ ‘ಹ್ಯೂ’ ಬೀಳುತ್ತಲೇ ಇರುತ್ತದೆ, ಹಾಗಾಗಿ ‘ನಾ ಬೆವರ್ಲಿ, ಇಂವ ಜಾರ್ಡಿ, ಮತ್ತ ಯೂ...’ ಎಂದು ಒಂದು ಇಂಗ್ಲಿಷ್ ಪದ ಉಳಿಸಿಕೊಳ್ಳಿ. ‘ಯೂ’ ಯಾರಿಗೂ ಹೊಸದಲ್ಲ. ಹೆಸರು ಸಿಕ್ಕ ಮೇಲೂ ಅವನು ಹೇಳುವುದು ‘ನಾವು ಹ್ಯೂ’. ಇದನ್ನು ತಪ್ಪೆಂದು ತಿದ್ದಬೇಡಿ. ಗೆಳೆತನ ಎಂದರೇನು ಎಂದು ಕೇಳಿದ ಮೇಲೆ ಅವನಾಡುವ ‘ಲೈಕ್ ಜಾರ್ಡಿ ಅಂಡ್ ಹ್ಯೂ’ ಕೂಡ ಹಾಗೆಯೇ. ‘ನಾ-ನೀ ಇದ್ದಂಗ’ ಎಂದರೆ ಕಿವಿಗೆ ಹಿತ, ಆದರೆ ‘ನಾ’ ಬರುವ ಹೊತ್ತು ಇನ್ನೂ ಆಗಿಲ್ಲ. ‘ಜಾರ್ಡಿ ಮತ್ತು ಹ್ಯೂ ಹಾಗೆ.’

ಆ ಹೊತ್ತು ಬರುವುದು ಪಿಕಾರ್ಡ್ ಬೋರ್ಗ್ ವೇಷದ ಮಾತಿನಲ್ಲಿ ಅವನನ್ನು ಪರೀಕ್ಷಿಸುವಾಗ. ಹುಡುಗ ‘ಐ ವಿಲ್ ನಾಟ್’ ಅನ್ನುತ್ತಾನೆ. ಬಹಳ ಮಂದಿ ಜಾರುವುದು ಇಲ್ಲೇ. ‘ಮಾಡುವುದಿಲ್ಲ’, ‘ಮಾಡಂಗಿಲ್ಲ’ ಎರಡರಲ್ಲೂ ಆಡುವವನ ಗುರುತಿಲ್ಲ. ನಾನು, ನಾವು, ಅವರು ಯಾರಿಗಾದರೂ ನಡೆಯುತ್ತದೆ. ಆಡುವವನನ್ನು ಒಡಲಲ್ಲೇ ಇಟ್ಟುಕೊಂಡ ನಿಷೇಧ ನಮ್ಮ ಮಾತಿನಲ್ಲಿ ಇನ್ನೂ ಜೀವಂತವಾಗಿದೆ: ಊಟಕ್ಕೆ ಕರೆದರೆ ಮುನಿಸಿಕೊಂಡ ಕೂಸು ಅನ್ನುವ ‘ಒಲ್ಲೆ’. ‘ನಾ ಒಲ್ಲೆ’ ಎಂದಷ್ಟೇ ಬರೆಯಿರಿ. ಸುತ್ತೋಲೆ ಕನ್ನಡ ಬಿಟ್ಟು ಅವನು ಮನೆಮಾತಿಗೆ ಬರುವುದೂ ಇದೇ ಗಳಿಗೆಯಲ್ಲಿ, ಆದ್ದರಿಂದ ಈ ಎರಡು ಪದಕ್ಕೆ ಒಂದು ಸಬ್‌ಟೈಟಲ್ ಪೂರ್ತಿ ಕೊಡಿ. ಹಿಂದಿನ ವಾಕ್ಯದ ಜೊತೆ ಸೇರಿಸಿದರೆ ನಟ ಬಾಯಿ ತೆರೆಯುವ ಮೊದಲೇ ಪ್ರೇಕ್ಷಕ ಓದಿ ಮುಗಿಸಿರುತ್ತಾನೆ.

ಇನ್ನು ಫೈಲಿನ ಕೆಲಸ. ‘ಸಬ್‌ಟೈಟಲ್ ಎಡಿಟ್’ ಉಚಿತ ತಂತ್ರಾಂಶ, ಸಾಕಾಗುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಯುಟಿಎಫ್-8ರಲ್ಲಿ ಉಳಿಸಿ. ಹಳೆಯ ‘ನುಡಿ’ ತಂತ್ರಾಂಶದ ಆಸ್ಕಿ ಅಕ್ಷರಗಳು ಪರದೆಯ ಮೇಲೆ ಇಂಗ್ಲಿಷ್ ಚಿತ್ತಾಗಿ ಬರುತ್ತವೆ. ಒಮ್ಮೆಗೆ ಎರಡೇ ಸಾಲು, ಸಾಲಿಗೆ 18ರಿಂದ 20 ಅಕ್ಷರ, ಕನಿಷ್ಠ 1 ಸೆಕೆಂಡ್, ಗರಿಷ್ಠ 6. ತಂತ್ರಾಂಶ ತೋರಿಸುವ ಅಕ್ಷರಸಂಖ್ಯೆ ನಂಬಬೇಡಿ: ‘ಸ್ತ್ರೀ’ ನಮಗೆ ಒಂದು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ 6. ಎಸ್‌ಆರ್‌ಟಿ ಎಂಬ ಸಬ್‌ಟೈಟಲ್ ಫೈಲಿನೊಳಗೆ ಬರೆಯುವ ಸಮಯದಲ್ಲಿ ಸೆಕೆಂಡಿನ ಮುಂದೆ ಚುಕ್ಕೆಯಲ್ಲ, ಅಲ್ಪವಿರಾಮ (00:12:04,500).

ಮೊದಲು ಸರಿಯಾಗಿದ್ದ ಸಾಲುಗಳು ಹೋಗುತ್ತ ಹೋಗುತ್ತ ಹಿಂದೆ ಬೀಳುತ್ತಿದ್ದರೆ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ) ಬೇರೆ ಎಂದರ್ಥ. 23.976ಕ್ಕೆ ಕೂರಿಸಿದ ಫೈಲನ್ನು ವೇಗ ಹೆಚ್ಚಿಸಿದ 25ರ ಪ್ರತಿಗೆ ಹಾಕಿದರೆ ಕಂತಿನ ತುದಿಗೆ ಸುಮಾರು 110 ಸೆಕೆಂಡ್ ಅಂತರ ಬೀಳುತ್ತದೆ. ಸಾಲು ಸಾಲು ಸರಿಸುತ್ತ ಕೂರಬೇಡಿ, ಫ್ರೇಮ್ ರೇಟ್ ಬದಲಿಸುವ ಆಯ್ಕೆ ತಂತ್ರಾಂಶದಲ್ಲೇ ಇದೆ.

ಫಾಂಟು ‘ನೋಟೋ ಸಾನ್ಸ್ ಕನ್ನಡ’ ಇರಲಿ. ಅಕ್ಷರದ ಸುತ್ತಲಿನ ಕಪ್ಪು ಅಂಚು ದಪ್ಪವಾದರೆ ಒತ್ತಕ್ಷರ ತುಂಬಿಕೊಂಡು ಮಸಿಯಂತಾಗುತ್ತದೆ. ‘ಒಲ್ಲೆ’ಯ ಲ-ಒತ್ತೇ ಮೊದಲ ಬಲಿ. ಪೆನ್‌ಡ್ರೈವ್ ಹಾಕಿ ಟಿವಿಯಲ್ಲಿ ತೋರಿಸುವುದಾದರೆ ಕೆಲವು ಟಿವಿಗಳಲ್ಲಿ ಒತ್ತು ಬಿಡಿಬಿಡಿಯಾಗಿ ಬೀಳುತ್ತದೆ ಅಥವಾ ಖಾಲಿ ಚೌಕ ಬರುತ್ತದೆ. ‘ಹ್ಯಾಂಡ್‌ಬ್ರೇಕ್’ನಲ್ಲಿ ಸಬ್‌ಟೈಟಲನ್ನು ಚಿತ್ರದೊಳಗೇ ಅಚ್ಚು ಹಾಕಿಕೊಂಡರೆ ಆ ತಂಟೆ ಇಲ್ಲ. ಸಾರ್ವಜನಿಕ ಪ್ರದರ್ಶನಕ್ಕೆ, ಟಿಕೆಟ್ ಇರಲಿ ಬಿಡಲಿ, ಹಕ್ಕುದಾರರ ಅನುಮತಿ ಬೇಕು.

ಕೊನೆಯಲ್ಲಿ ಹ್ಯೂ ಬೋರ್ಗ್ ಜೊತೆ ಹೊರಡುತ್ತ ಜಾರ್ಡಿಯತ್ತ ತಿರುಗಿ ನೋಡುತ್ತಾನೆ. ಅಲ್ಲಿ ಮಾತಿಲ್ಲ. ಹಿಂದಿನ ಸಾಲು ಪರದೆಯ ಮೇಲೆ ಉಳಿದು ಆ ನೋಟದ ಮೇಲೆ ಕೂತಿರದಂತೆ ಅದರ ಮುಕ್ತಾಯದ ಸಮಯವನ್ನು ಕೈಯಾರೆ ನೋಡಿ ಕತ್ತರಿಸಿ.