ಪ್ರೋಗ್ರಾಮಿನಿಂದ ಬ್ರೌಸರ್ ತೆರೆಯುವುದು: ನನ್ನ ಅನುಭವ

ಲಾಗಿನ್ ಪುಟವನ್ನೋ ಸಹಾಯದ ಪುಟವನ್ನೋ ತೆರೆಸಬೇಕಾದಾಗ, ಬ್ರೌಸರ್ ಯಾವ ಫೋಲ್ಡರಿನಲ್ಲಿದೆ ಎಂದು ಹುಡುಕುವ ಕೋಡ್ ನಾನು ಬರೆಯುವುದಿಲ್ಲ. ಬಳಸುವವರು ಯಾವುದನ್ನು ಡೀಫಾಲ್ಟ್ ಮಾಡಿಕೊಂಡಿದ್ದಾರೆ ಎಂಬುದು ಆಪರೇಟಿಂಗ್ ಸಿಸ್ಟಮ್‌ಗೇ ಗೊತ್ತಿರುತ್ತದೆ. ವಿಳಾಸವನ್ನು ಅದಕ್ಕೆ ಒಪ್ಪಿಸಿದರೆ ಸಾಕು. ಮ್ಯಾಕ್‌ನಲ್ಲಿ ‘ಓಪನ್’ ಕಮಾಂಡ್, ಅಲ್ಲಿಗೆ ಮುಗಿಯಿತು. ಹೆಚ್ಚು ಕಾಡುವುದು ವಿಂಡೋಸ್.

ಅಲ್ಲಿನ ‘ಸ್ಟಾರ್ಟ್’ ಪ್ರತ್ಯೇಕ ಪ್ರೋಗ್ರಾಮ್ ಅಲ್ಲ, ಸಿಎಂಡಿಯ (ವಿಂಡೋಸ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿಯ ಪ್ರೋಗ್ರಾಮ್) ಒಳಗಿನ ಕಮಾಂಡ್. ನೇರವಾಗಿ ಕರೆದರೆ ಫೈಲ್ ಇಲ್ಲ ಎಂಬ ಎರರ್ ಬರುತ್ತದೆ. ಸಿಎಂಡಿ ಮೂಲಕ ಹೋಗಿ ವಿಳಾಸವನ್ನು ಕೋಟ್‌ನಲ್ಲಿ ಕೊಟ್ಟರೆ, ಅದನ್ನೇ ವಿಂಡೋದ ಶೀರ್ಷಿಕೆ ಎಂದು ತಿಳಿದು ಖಾಲಿ ಕಪ್ಪು ಕಿಟಕಿ ತೆರೆಯುತ್ತದೆ. ಆದ್ದರಿಂದ ವಿಳಾಸಕ್ಕಿಂತ ಮೊದಲು, ಶೀರ್ಷಿಕೆಯ ಜಾಗದಲ್ಲಿ, ಒಂದು ಜೊತೆ ಖಾಲಿ ಕೋಟ್ ಇಡಬೇಕು. ಕೋಟ್ ಬಿಟ್ಟರೆ ವಿಳಾಸ & ಬಂದಲ್ಲೇ ತುಂಡಾಗುತ್ತದೆ. ಕೊನೆಯಲ್ಲಿ ‘?ಪದ=ಮಳೆ&ಪುಟ=2’ ಇದ್ದರೆ ಬ್ರೌಸರಿಗೆ ತಲುಪುವುದು ‘ಮಳೆ’ಯವರೆಗೆ ಮಾತ್ರ. ‘ಪುಟ=2’ ಅನ್ನು ಸಿಎಂಡಿ ಇನ್ನೊಂದು ಕಮಾಂಡ್ ಎಂದು ಓಡಿಸಲು ನೋಡುತ್ತದೆ. ಏನೋ ಒಂದು ಪುಟ ತೆರೆದೇ ತೆರೆಯುವುದರಿಂದ ಟೆಸ್ಟಿಂಗ್‌ನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಬೇರೆಯವರು ಕಳಿಸಿದ ವಿಳಾಸವಾದರೆ & ಆದ ಮೇಲೆ ಫೈಲ್ ಅಳಿಸುವ ಕಮಾಂಡೇ ಇರಬಹುದು.

ಹಾಗಾಗಿ ಸಿಎಂಡಿಯ ಸಹವಾಸ ಬಿಟ್ಟು, ವಿಂಡೋಸ್ ತಾನೇ ಒದಗಿಸುವ ‘ಶೆಲ್‌ಎಕ್ಸಿಕ್ಯೂಟ್’ ಫಂಕ್ಷನ್ನನ್ನೇ ಕರೆಯುತ್ತೇನೆ. 32ಕ್ಕಿಂತ ದೊಡ್ಡ ಸಂಖ್ಯೆ ಮರಳಿದರೆ ಕೆಲಸ ಆಯಿತು. ಆದರೆ ಇದಕ್ಕೆ ಪ್ರೋಗ್ರಾಮ್ ಫೈಲಿನ ಹೆಸರು ಕೊಟ್ಟರೆ ಅದನ್ನೂ ಓಡಿಸಿಬಿಡುತ್ತದೆ. ಅದಕ್ಕೇ ವಿಳಾಸ ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್‌ನಿಂದ ಶುರುವಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಈ ತಪಾಸಣೆ ಮ್ಯಾಕ್, ವಿಂಡೋಸ್, ಲಿನಕ್ಸ್ ಮೂರೂ ಸಿಸ್ಟಮ್‌ಗಳಿಗೆ ಬೇಕು.

ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ‘ಎಕ್ಸ್‌ಡಿಜಿ-ಓಪನ್’ ಕಮಾಂಡ್. ಅದು 3 ಮರಳಿಸಿದರೆ ಬೇಕಾದ ಟೂಲ್ ಸಿಕ್ಕಿಲ್ಲ, 4 ಆದರೆ ತೆರೆಯುವ ಪ್ರಯತ್ನವೇ ವಿಫಲ. ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಬ್ರೌಸರ್ ಮುಚ್ಚುವವರೆಗೂ ಅದು ಮರಳುವುದೇ ಇಲ್ಲ, ನಮ್ಮ ಪ್ರೋಗ್ರಾಮ್ ಅಲ್ಲೇ ಕಾದು ನಿಲ್ಲುತ್ತದೆ. ಬೇರೆ ಪ್ರಾಸೆಸ್ ಆಗಿ ಬಿಟ್ಟು ಮುಂದೆ ಹೋಗುವುದು ಕ್ಷೇಮ. ಎಸ್‌ಎಸ್‌ಎಚ್‌ನಲ್ಲಿ (ದೂರದ ಕಂಪ್ಯೂಟರಿಗೆ ಟರ್ಮಿನಲ್ ಮೂಲಕ ಲಾಗಿನ್ ಆಗುವ ವಿಧಾನ) ಒಳಬಂದವರಿಗೆ ಸಾಮಾನ್ಯವಾಗಿ ಪರದೆಯೇ ಇರುವುದಿಲ್ಲ. ‘ಡಿಸ್‌ಪ್ಲೇ’, ‘ವೇಲ್ಯಾಂಡ್_ಡಿಸ್‌ಪ್ಲೇ’ ಎಂಬ, ಪರದೆ ಇದೆಯೇ ಎಂದು ಹೇಳುವ ಎರಡೂ ಸಿಸ್ಟಮ್ ವೇರಿಯಬಲ್ ಖಾಲಿ ಇದ್ದರೆ ತೆರೆಯಲು ಹೋಗುವುದಿಲ್ಲ, ವಿಳಾಸವನ್ನು ಟರ್ಮಿನಲ್‌ನಲ್ಲಿ ತೋರಿಸುತ್ತೇನೆ.

ಪೈಥಾನ್ ಬಳಸುವವರಿಗೆ ‘ವೆಬ್‌ಬ್ರೌಸರ್’ ಮಾಡ್ಯೂಲ್ ಇದರಲ್ಲಿ ಬಹುಪಾಲನ್ನು ತಾನೇ ನೋಡಿಕೊಳ್ಳುತ್ತದೆ. ಆದರೆ ಅದು ಕೊಡುವ ‘ಟ್ರೂ’ಗೆ ಬ್ರೌಸರನ್ನು ಕರೆದಾಯಿತು ಎಂದಷ್ಟೇ ಅರ್ಥ, ಪುಟ ಕಂಡಿತೋ ಇಲ್ಲವೋ ಅದಕ್ಕೆ ತಿಳಿಯದು. ಅದಕ್ಕೇ ತೆರೆದಾಗಲೂ ವಿಳಾಸವನ್ನು ಪ್ರಿಂಟ್ ಮಾಡುತ್ತೇನೆ: ಬೇರೆಯದೇ ಸಾಲಿನಲ್ಲಿ, ಕೊನೆಗೆ ಚುಕ್ಕಿ ಇಡದೆ. ಚುಕ್ಕಿ ಇದ್ದರೆ ಕಾಪಿ ಮಾಡುವಾಗ ಅದೂ ಜೊತೆಗೆ ಬಂದು, ತಪ್ಪು ಪುಟಕ್ಕೆ ಕರೆದೊಯ್ಯುತ್ತದೆ.