ಟೀ ರೂಮಿಗೆ ಬರುವವರು ನಿಜವಾಗಿ ಏನು ನೋಡ್ತಾರೆ?

ಇಂಗ್ಲೆಂಡಿನ ಡೆವನ್‌ನಲ್ಲಿ, ಡಾರ್ಟ್‌ಮೂರ್ ಬಯಲಿನ ಅಂಚಿಗಿರುವ ಒಂದು ಹಳ್ಳಿಯಲ್ಲಿ ನಾನು, ನನ್ನ ಗಂಡ ಸೇರಿ ಟೀ ರೂಮ್ ನಡೆಸುತ್ತೇವೆ. ಹಳೆಯ ಕಲ್ಲಿನ ಕಟ್ಟಡ, ಹಿಂದೆ ಸಣ್ಣ ತೋಟ. ಮುಂಚೆ ಇದನ್ನು ನಡೆಸುತ್ತಿದ್ದ ಅಜ್ಜಿ ವಯಸ್ಸಾಯಿತು ಅಂತ ಬಿಟ್ಟಾಗ ನಾವು ಲೀಸಿಗೆ ತೆಗೆದುಕೊಂಡೆವು. ಈಗ ಈ ದೇಶದಲ್ಲಿರುವ ನಮ್ಮವರು ಯಾರಾದರೂ ಫೋನ್ ಮಾಡಿ, "ಅಕ್ಕಾ, ನಾವೂ ಒಂದು ಟೀ ರೂಮ್ ಶುರು ಮಾಡೋಣ ಅಂತಿದ್ದೀವಿ, ಜನ ಏನು ನೋಡ್ತಾರೆ?" ಅಂತ ಕೇಳುತ್ತಾ ಇರುತ್ತಾರೆ. ಫೋನಿನಲ್ಲಿ ಅಷ್ಟೆಲ್ಲ ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಲೆಕ್ಕದಲ್ಲಿ ಜನ ಬರುವುದು ಕೂತುಕೊಳ್ಳೋಕೆ. ಟೀ ಅವರಿಗೆ ಮನೆಯಲ್ಲೂ ಸಿಗುತ್ತದೆ, ಅದೂ ನಯಾಪೈಸೆ ಖರ್ಚಿನಲ್ಲಿ. ಒಂದು ಗಂಟೆ ಯಾರೂ ಎಬ್ಬಿಸದ ಒಂದು ಕುರ್ಚಿ, ಎದುರಿಗೆ ಬಿಸಿಯಾಗೇ ಉಳಿಯುವ ಒಂದು ಟೀ ಪಾಟು, ಪಕ್ಕದಲ್ಲಿ ಆ ದಿನವೇ ಮಾಡಿದ ತಿಂಡಿ. ಇಷ್ಟಕ್ಕೆ ಅವರು ದುಡ್ಡು ಕೊಡೋದು. ಹೂವಿನ ಕಪ್ಪು, ಲೇಸಿನ ಮೇಜುಬಟ್ಟೆ, ಕಿಟಕಿಯ ಪರದೆ ಇವೆಲ್ಲ ಬೇಕು, ಫೋಟೊ ತೆಗೆಯುವುದು ಅವನ್ನೇ. ಆದರೆ ಪಾಟು ಹತ್ತು ನಿಮಿಷಕ್ಕೆ ತಣ್ಣಗಾಗುವ ಜಾಗಕ್ಕೆ ಯಾರೂ ಎರಡನೇ ಸಲ ಬರಲ್ಲ.

ಈ ಕೂತುಕೊಳ್ಳುವ ವಿಷಯಕ್ಕೆ ಹಳೆಯ ಬೇರು ಇದೆ. ಲಂಡನ್ನಿನಲ್ಲಿ ಏರೇಟೆಡ್ ಬ್ರೆಡ್ ಕಂಪನಿ ಅನ್ನುವ ಬ್ರೆಡ್ ಅಂಗಡಿಯವರು 1864ರಲ್ಲಿ ಟೀ ಕೊಡೋಕೆ ಶುರು ಮಾಡಿದರು. 1894ರಲ್ಲಿ ಲಯನ್ಸ್ ಕಂಪನಿ ಪಿಕಡಿಲಿಯಲ್ಲಿ ತನ್ನ ಮೊದಲ ಟೀ ಅಂಗಡಿ ತೆರೆಯಿತು. ಅತ್ತ ಗ್ಲಾಸ್ಗೋದಲ್ಲಿ ಕೇಟ್ ಕ್ರಾನ್‌ಸ್ಟನ್ ಅನ್ನುವ ಹೆಂಗಸು 1878ರಿಂದಲೇ ಒಂದಾದ ಮೇಲೊಂದು ಟೀ ರೂಮ್ ತೆರೆದರು. 1903ರಲ್ಲಿ ಅವರ ವಿಲೋ ಟೀ ರೂಮ್ಸ್‌ಗೆ ಕುರ್ಚಿ, ಕಿಟಕಿ, ಗೋಡೆ ಎಲ್ಲಾ ವಿನ್ಯಾಸ ಮಾಡಿದ್ದು ಚಾರ್ಲ್ಸ್ ರೆನಿ ಮ್ಯಾಕಿಂಟಾಷ್ ಅನ್ನುವ ವಾಸ್ತುಶಿಲ್ಪಿ. ಆ ಕಾಲದಲ್ಲಿ ಮರ್ಯಾದಸ್ಥ ಮನೆಯ ಹೆಂಗಸು ಗಂಡಸರ ಜೊತೆ ಇಲ್ಲದೆ ಹೊರಗೆ ಕೂತು ಏನಾದರೂ ತಿನ್ನಬಹುದಾದ ಜಾಗಗಳೇ ಕಡಿಮೆ. ಪಬ್ಬಿಗೆ ಹೋಗುವ ಹಾಗಿಲ್ಲ. ಟೀ ರೂಮ್ ಆ ಜಾಗವಾಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಇವತ್ತಿಗೂ ಒಬ್ಬರೇ ಬರುವ ಹೆಂಗಸರು ನನ್ನ ಗಟ್ಟಿ ಗಿರಾಕಿಗಳು. ಪುಸ್ತಕ ತರುತ್ತಾರೆ, ಹೆಣಿಗೆ ತರುತ್ತಾರೆ, ಸುಮ್ನೆ ಕಿಟಕಿ ನೋಡುತ್ತಾ ಕೂರುತ್ತಾರೆ. ಅಂಥವರನ್ನು ಅಡುಗೆಮನೆ ಬಾಗಿಲ ಪಕ್ಕದ, ಓಡಾಡುವವರ ಮೊಣಕೈ ತಗಲುವ ಪುಟ್ಟ ಮೇಜಿಗೆ ಕಳಿಸುವುದು ಬಹಳ ಕಡೆ ಇರುವ ಅಭ್ಯಾಸ. "ಒಬ್ಬರೇನಾ?" ಅಂತ ಕೇಳುವ ಧಾಟಿ ಬೇರೆ. ನಾನು ಕಿಟಕಿ ಪಕ್ಕದ ಎರಡು ಸಣ್ಣ ಮೇಜನ್ನು ಒಬ್ಬೊಬ್ಬರಿಗೇ ಅಂತ ಇಟ್ಟಿದ್ದೇನೆ, ರಜಾದಿನದ ರಶ್ಶಿನಲ್ಲೂ ಅದನ್ನು ಬದಲಿಸಲ್ಲ. ವ್ಯಾಪಾರದ ಲೆಕ್ಕದಲ್ಲಿ ಇದು ಪೆದ್ದುತನ ಅಂತ ನನ್ನ ಗಂಡ ಹೇಳುತ್ತಾರೆ. ಹೇಳಲಿ. ನವೆಂಬರಿನ ಮಳೆಯಲ್ಲಿ, ಪ್ರವಾಸಿಗಳು ಒಬ್ಬರೂ ಇಲ್ಲದಾಗ, ಬಾಗಿಲು ತಳ್ಳಿಕೊಂಡು ಬರುವವರು ಅವರೇ.

ಇನ್ನು ಪಾಟು. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ಮೂತಿಯಿಂದ ತೊಟ್ಟಿಕ್ಕುವ ಪಾಟು ಇಟ್ಟುಕೊಂಡಿದ್ದರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಹೆಸರು ಕೆಡುತ್ತದೆ. ಸುರಿದ ಟೀ ಅರ್ಧ ಸಾಸರಿನಲ್ಲಿ, ಅರ್ಧ ಬಿಳಿ ಮೇಜುಬಟ್ಟೆ ಮೇಲೆ. ತೆಳು ಸ್ಟೀಲ್ ಪಾಟುಗಳಂತೂ ಬೇಡವೇ ಬೇಡ, ಹಿಡಿಕೆ ಕೈ ಸುಡುತ್ತದೆ, ಟೀ ಬೇಗ ಆರುತ್ತದೆ, ತೊಟ್ಟಿಕ್ಕೋದಂತೂ ಗ್ಯಾರಂಟಿ. ಚೀನೀಮಣ್ಣಿನ ಪಾಟು ಕೊಳ್ಳುವಾಗ ನಾನು ಅಂಗಡಿಯವರಿಂದ ನೀರು ಕೇಳಿ, ತುಂಬಿಸಿ, ಬಗ್ಗಿಸಿ ನೋಡುತ್ತೇನೆ. ಸುರಿದು ತಟ್ಟನೆ ನಿಲ್ಲಿಸಿದಾಗ ಮೂತಿಯ ಕೆಳಗೆ ಹನಿ ಇಳಿಯಬಾರದು. ಮೂತಿಯ ಅಂಚು ಚೂಪಾಗಿರಬೇಕು, ದಪ್ಪಗೆ ಗುಂಡಗಿದ್ದರೆ ನೀರು ಅದಕ್ಕೇ ಅಂಟಿಕೊಂಡು ಕೆಳಗಿಳಿಯುತ್ತದೆ. ಪೂರ್ತಿ ಬಗ್ಗಿಸಿದಾಗ ಮುಚ್ಚಳ ಕಳಚಿ ಬೀಳಬಾರದು. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ ಬಿಡಿ.

ಒಬ್ಬರ ಪಾಟು ಅಂದರೆ ನಮ್ಮಲ್ಲಿ ಸುಮಾರು 450 ಮಿಲಿ. ಎರಡು ಕಪ್ಪು ಧಾರಾಳವಾಗಿ ಬರಬೇಕು, ಒಂದೇ ಕಪ್ಪಿಗೆ ಮುಗಿದರೆ ಅದು ಟೀ ರೂಮ್ ಅಲ್ಲ. ಮೊದಲು ಬಿಸಿನೀರು ಹಾಕಿ ಪಾಟು ಕಾಯಿಸಿ ಚೆಲ್ಲುತ್ತೇವೆ. ಆಮೇಲೆ 5 ಗ್ರಾಂ ಎಲೆ, ಅದರ ಮೇಲೆ ಕೊತಕೊತ ಕುದಿಯುವ ನೀರು. ಹಸಿರು ಟೀ ಆದರೆ ಮಾತ್ರ 80 ಡಿಗ್ರಿ ಸುತ್ತಮುತ್ತ, ಇಲ್ಲದಿದ್ದರೆ ಕಹಿ. ಇಲ್ಲಿ ಹಾಲಿನ ಜೊತೆ ಎಲೆ ಕುದಿಸೋದಿಲ್ಲ, ತಣ್ಣನೆ ಹಾಲು ಪುಟ್ಟ ಜಗ್ಗಿನಲ್ಲಿ ಬೇರೆ ಹೋಗುತ್ತದೆ, ಅದನ್ನು ಮೊದಲು ಹಾಕುತ್ತಾರೋ ಆಮೇಲೆ ಹಾಕುತ್ತಾರೋ ಅವರಿಷ್ಟ. ನಾವು ಅವರ ಕಪ್ಪಿಗೆ ಕೈ ಹಾಕಲ್ಲ. ಎಲೆ ಪಾಟಿನಲ್ಲೇ ಇರುವುದರಿಂದ ಎರಡನೇ ಕಪ್ಪು ಕಡುವಾಗುತ್ತದೆ, ಅದಕ್ಕೆ ಪಕ್ಕದಲ್ಲೇ ಇನ್ನೊಂದು ಜಗ್ಗು ಬಿಸಿನೀರು. ಕೇಳುವ ಮೊದಲೇ ಇಡಬೇಕು. ಹಳೆಯ ಗಿರಾಕಿಗಳು ಟ್ರೇ ಬಂದ ಕೂಡಲೇ ಕಣ್ಣಲ್ಲೇ ಎಣಿಸುತ್ತಾರೆ: ಪಾಟು, ನೀರಿನ ಜಗ್ಗು, ಹಾಲು, ಜಾಲರಿ, ಜಾಲರಿ ಇಡೋಕೆ ಬಟ್ಟಲು. ಆ ಬಟ್ಟಲು ಮರೆತರೆ ತೊಟ್ಟಿಕ್ಕುವ ಜಾಲರಿ ಕೈಯಲ್ಲಿ ಹಿಡಿದು ಎಲ್ಲಿಡಲಿ ಅಂತ ನೋಡುತ್ತಾ ಕೂರುತ್ತಾರೆ ಪಾಪ.

ಟೀ ಮಾಡುವುದಕ್ಕೂ ಈ ದೇಶದಲ್ಲಿ 1980ರಲ್ಲಿ ಒಂದು ರಾಷ್ಟ್ರೀಯ ಮಾನಕ ಬಂತು, ಬಿಎಸ್ 6008 ಅಂತ. 100 ಮಿಲಿ ನೀರಿಗೆ 2 ಗ್ರಾಂ ಎಲೆ, 6 ನಿಮಿಷ ನೆನೆಸಬೇಕು. ತಮಾಷೆಗೆ ಕೊಡುವ ಇಗ್ ನೊಬೆಲ್ ಬಹುಮಾನ 1999ರಲ್ಲಿ ಇದಕ್ಕೆ ಬಂತು. ಆದರೆ ಅದು ಟೀ ರುಚಿ ಹೋಲಿಸಿ ನೋಡುವವರಿಗೆ ಮಾಡಿದ ಅಳತೆ, ಗಿರಾಕಿಗೆ ಅಷ್ಟು ಹೊತ್ತು ನೆನೆಸಿ ಕೊಟ್ಟರೆ ನಾಲಿಗೆ ಒಗರು. ನಾವು ಟ್ರೇ ಇಡುವಾಗ "ಇನ್ನು ಮೂರು ನಿಮಿಷ ಬಿಡಿ" ಅಂತ ಹೇಳಿ ಬರುತ್ತೇವೆ, ಅಷ್ಟೇ.

ನೀರಿನ ಮಾತು ಬಂದಾಗ ಒಂದು ವಿಷಯ. ಲಂಡನ್ ಕಡೆಯಿಂದ ಬಂದ ಗಂಡ ಹೆಂಡತಿ ಒಮ್ಮೆ ಕೌಂಟರಿಗೆ ಬಂದು, "ನೀವು ಯಾವ ಟೀ ಹಾಕ್ತೀರಿ? ನಮ್ಮ ಮನೆಯಲ್ಲಿ ಹೀಗೆ ಬರೋದೇ ಇಲ್ಲ" ಅಂದರು. ಡಬ್ಬ ತೋರಿಸಿದೆ. ಅವರ ಮನೆಯಲ್ಲಿರುವ ಅದೇ ಅಸ್ಸಾಂ. ವ್ಯತ್ಯಾಸ ನೀರಿನದ್ದು. ಲಂಡನ್ನಿನದು ಗಡಸು ನೀರು, ಸುಣ್ಣದ ಅಂಶ ಜಾಸ್ತಿ, ಕಪ್ಪಿನ ಮೇಲೆ ಕಂದು ಪದರ ಕಟ್ಟುತ್ತದೆ, ಸ್ವಾದ ಮಂಕಾಗುತ್ತದೆ. ಡಾರ್ಟ್‌ಮೂರ್ ಗ್ರಾನೈಟ್ ಕಲ್ಲಿನ ಪ್ರದೇಶ, ಇಲ್ಲಿಯ ನೀರು ಮೆದು. ಗಡಸು ನೀರಿನ ಊರಲ್ಲಿ ಅಂಗಡಿ ಹಾಕುವುದಾದರೆ ಒಳ್ಳೆಯ ಫಿಲ್ಟರಿಗೆ ಖರ್ಚು ಮಾಡಿ, ಕಪ್ಪು, ಸಾಸರುಗಳಿಗೆ ಆಮೇಲೆ ಮಾಡಿದರಾಯಿತು.

ಸ್ಕೋನ್, ಅಂದರೆ ಟೀ ಜೊತೆ ಕೊಡುವ, ಓವನ್ನಿನಲ್ಲಿ ಬೇಯಿಸಿದ ಪುಟ್ಟ ಗುಂಡನೆಯ ತಿಂಡಿ. ಇದರಲ್ಲಿ ಮೋಸ ನಡೆಯಲ್ಲ. ಮುರಿದ ತಕ್ಷಣ ಗೊತ್ತಾಗುತ್ತದೆ, ಇವತ್ತಿನದೋ ನಿನ್ನೆಯದೋ ಅಂತ. ನಿನ್ನೆಯದನ್ನು ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಎರಡು ನಿಮಿಷ ಮೆತ್ತಗೆ, ಆಮೇಲೆ ರಬ್ಬರು. ನಾನು ಮಾಡುವುದು ಹೀಗೆ: 450 ಗ್ರಾಂ ಸೆಲ್ಫ್ ರೈಸಿಂಗ್ ಹಿಟ್ಟಿಗೆ (ಬೇಕಿಂಗ್ ಪೌಡರ್ ಮೊದಲೇ ಬೆರೆಸಿರುವ ಮೈದಾ) 100 ಗ್ರಾಂ ತಣ್ಣನೆ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ ರವೆ ರವೆ ಮಾಡುವುದು. ಅಂಗೈ ತಾಗಿಸಬಾರದು, ಬೆಣ್ಣೆ ಕರಗುತ್ತದೆ. 50 ಗ್ರಾಂ ಸಕ್ಕರೆ, ಎರಡು ಮೊಟ್ಟೆ, ಹಿಟ್ಟು ಅಂಟಂಟಾಗಿ ಸೇರುವಷ್ಟು ಮಜ್ಜಿಗೆ. ನಾದುವುದೇ ಇಲ್ಲ. ಕೈಯಲ್ಲಿ ಒತ್ತಿ ಒಂದಿಂಚು ದಪ್ಪ ಮಾಡಿ, ಅಚ್ಚನ್ನು ನೇರ ಕೆಳಗೆ ಒತ್ತಿ ನೇರ ಮೇಲೆತ್ತಬೇಕು. ತಿರುಚಿದರೆ ಅಂಚು ಮುಚ್ಚಿಕೊಂಡು ಒಂದು ಕಡೆಗೆ ವಾಲಿ ಉಬ್ಬುತ್ತದೆ. ತಲೆಗೆ ಮೊಟ್ಟೆ ಬಳಿಯುವಾಗ ಪಕ್ಕಕ್ಕೆ ಇಳಿಯಬಾರದು, ಇಳಿದರೆ ಅದೂ ಉಬ್ಬಲು ಬಿಡಲ್ಲ. 220 ಡಿಗ್ರಿಯಲ್ಲಿ ಹನ್ನೆರಡು ಹದಿಮೂರು ನಿಮಿಷ. ಚೆನ್ನಾಗಿ ಬಂದ ಸ್ಕೋನಿಗೆ ಸೊಂಟದ ಹತ್ತಿರ ಒಂದು ಬಿರುಕು ಇರುತ್ತದೆ, ಚಾಕು ಬೇಡ, ಕೈಯಲ್ಲೇ ಅಲ್ಲಿಂದ ಎರಡಾಗುತ್ತದೆ.

ಬೆಳಿಗ್ಗೆ ಒಂದೇ ಸಲ ರಾಶಿ ಮಾಡಿಡಲ್ಲ. ಬೆಳಿಗ್ಗೆ ಒಂದು ತಟ್ಟೆ, ಮಧ್ಯಾಹ್ನ ಎರಡು ಗಂಟೆಗೆ ಮತ್ತೊಂದು. ಎರಡು ಗಂಟೆಯದರ ವಾಸನೆ ರಸ್ತೆಗೆ ಹೋಗುತ್ತದೆ, ಬೋರ್ಡಿಗಿಂತ ಅದೇ ಜಾಸ್ತಿ ಜನರನ್ನು ಕರೆತರುತ್ತದೆ. ಸಂಜೆ ನಾಲ್ಕಕ್ಕೆ ಸ್ಕೋನ್ ಮುಗಿದಿದ್ದರೆ ಮುಗಿದಿದೆ ಅಂತಲೇ ಹೇಳುತ್ತೇವೆ. ಬೇಜಾರು ಮಾಡಿಕೊಳ್ಳುತ್ತಾರೆ, ಆದರೆ ನಂಬುತ್ತಾರೆ.

ಕ್ರೀಮ್ ಟೀ ಅಂದರೆ ಸ್ಕೋನ್, ಜಾಮ್, ಕ್ಲಾಟೆಡ್ ಕ್ರೀಮ್ (ನಿಧಾನಕ್ಕೆ ಕಾಯಿಸಿ ಗಟ್ಟಿಯಾಗಿಸಿದ ಕೆನೆ) ಮತ್ತು ಟೀ. ಕ್ರೀಮ್ ಕ್ಲಾಟೆಡ್ಡೇ ಆಗಿರಬೇಕು, ಮೇಲೆ ಹಳದಿ ಕೆನೆಪದರ ಕಾಣಬೇಕು. ಡಬ್ಬಿಯಿಂದ ಚುಸ್ ಅಂತ ಬರುವ ನೊರೆ ಕ್ರೀಮ್ ಇಟ್ಟರೆ ಡೆವನ್‌ನಲ್ಲಿ ನಿಮ್ಮನ್ನು ಕ್ಷಮಿಸಲ್ಲ. ಹೆಸರಿಗೆ ಕಾನೂನಿನ ರಕ್ಷಣೆ ಇರುವ, ಪಕ್ಕದ ಕಾರ್ನ್‌ವಾಲ್ ಜಿಲ್ಲೆಯ ಕಾರ್ನಿಷ್ ಕ್ಲಾಟೆಡ್ ಕ್ರೀಮಿನಲ್ಲಿ ಕನಿಷ್ಠ 55% ಕೊಬ್ಬು ಇರಲೇಬೇಕು, ಅಂದರೆ ಹೆಚ್ಚುಕಡಿಮೆ ಬೆಣ್ಣೆಯೇ. ಆಮೇಲೆ ಇದೆಯಲ್ಲ ದೊಡ್ಡ ಜಗಳ: ಡೆವನ್‌ನವರು ಮೊದಲು ಕ್ರೀಮ್ ಹಚ್ಚಿ ಮೇಲೆ ಜಾಮ್ ಹಾಕುತ್ತಾರೆ, ಕಾರ್ನ್‌ವಾಲ್‌ನವರು ಮೊದಲು ಜಾಮ್. 2018ರಲ್ಲಿ ಕಾರ್ನ್‌ವಾಲ್‌ನ ಒಂದು ಹಳೆಯ ಬಂಗಲೆಯವರು ತಾಯಂದಿರ ದಿನದ ಜಾಹೀರಾತಿನಲ್ಲಿ ಕ್ರೀಮ್ ಕೆಳಗೆ ಜಾಮ್ ಮೇಲೆ ಇರುವ ಫೋಟೊ ಹಾಕಿ, ಊರವರೆಲ್ಲ ಗಲಾಟೆ ಮಾಡಿ, ಕೊನೆಗೆ ಕ್ಷಮೆ ಕೇಳಿದ್ದೂ ಆಯಿತು. ನಾವು ಎರಡನ್ನೂ ಬೇರೆ ಬೇರೆ ಬಟ್ಟಲಿನಲ್ಲಿ, ಮಟ್ಟಸವಾಗಿ ಅಲ್ಲ, ಉಬ್ಬಿ ನಿಲ್ಲುವಷ್ಟು ಇಡುತ್ತೇವೆ. ಹಚ್ಚುವ ಕೆಲಸ ಅವರದು. ಮೇಜಿನ ಮೇಲೆ ಅರ್ಧ ಮಾತುಕತೆ ಅದೇ ಆಗಿರುತ್ತದೆ. ಕ್ರೀಮಿನಲ್ಲಿ ಜಿಪುಣತನ ಮಾಡಿದ ಟೀ ರೂಮಿನ ಬಗ್ಗೆ ಜನ ವರ್ಷಗಟ್ಟಲೆ ಮಾತಾಡುತ್ತಾರೆ, ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಕೇಕಿನ ವಿಷಯ ಚಿಕ್ಕದು. ವಿಕ್ಟೋರಿಯಾ ಸ್ಪಂಜ್, ಲೆಮನ್ ಡ್ರಿಜಲ್, ಕಾಫಿ ವಾಲ್‌ನಟ್. ಈ ಮೂರು ಚೆನ್ನಾಗಿದ್ದರೆ ಸಾಕು. ಹನ್ನೆರಡು ಥರ ಜೋಡಿಸಿಟ್ಟರೆ ಅವು ಯಾವಾಗಿನವು ಅನ್ನುವ ಅನುಮಾನ ಬರುತ್ತದೆ.

ಜನ ಬಾಯಿಬಿಟ್ಟು ಹೇಳದ, ಆದರೆ ಎಲ್ಲರೂ ನೋಡುವ ಜಾಗ ಟಾಯ್ಲೆಟ್. ಅದು ಗಲೀಜಿದ್ದರೆ ಅಡುಗೆಮನೆಯೂ ಹಾಗೇ ಅಂತ ಲೆಕ್ಕ ಹಾಕುತ್ತಾರೆ, ತಪ್ಪೇನಿಲ್ಲ. ಗಂಟೆಗೊಮ್ಮೆ ನಾನೇ ಹೋಗಿ ನೋಡುತ್ತೇನೆ. ಇಲ್ಲಿ ಆಹಾರದ ಅಂಗಡಿಗಳಿಗೆಲ್ಲ 0ಯಿಂದ 5ರವರೆಗೆ ಶುಚಿತ್ವದ ಅಂಕ ಕೊಡುತ್ತಾರೆ. ವೇಲ್ಸ್‌ನಲ್ಲಿ, ಉತ್ತರ ಐರ್ಲೆಂಡಿನಲ್ಲಿ ಆ ಸ್ಟಿಕ್ಕರನ್ನು ಬಾಗಿಲಿಗೆ ಅಂಟಿಸಲೇಬೇಕು, ಇಂಗ್ಲೆಂಡಿನಲ್ಲಿ ಕಡ್ಡಾಯ ಇಲ್ಲ. ಆದರೂ ಅಂಟಿಸಿ. ಸ್ಟಿಕ್ಕರ್ ಕಾಣದಿದ್ದರೆ ಜನ ಹೊರಗೆ ನಿಂತೇ ಮೊಬೈಲಿನಲ್ಲಿ ಹುಡುಕುತ್ತಾರೆ. ಅಂಗಡಿ ತೆರೆಯುವ 28 ದಿನ ಮೊದಲೇ ಕೌನ್ಸಿಲಿನಲ್ಲಿ, ಅಂದರೆ ಸ್ಥಳೀಯ ಆಡಳಿತದಲ್ಲಿ, ನೋಂದಣಿ ಆಗಬೇಕು ಅನ್ನುವುದನ್ನೂ ನೆನಪಿಡಿ, ದುಡ್ಡು ಕೇಳಲ್ಲ.

ಅಲರ್ಜಿ ವಿಷಯವನ್ನು ಹಗುರಾಗಿ ತಗೋಬೇಡಿ. ಕಾನೂನು ಹೇಳುವ 14 ಪದಾರ್ಥಗಳಲ್ಲಿ ಯಾವುದು ಯಾವ ತಿಂಡಿಯಲ್ಲಿದೆ ಅಂತ ಹೇಳೋಕೆ ಬರಬೇಕು. ಕೇಕಿನ ತುಂಡನ್ನು ಮೊದಲೇ ಸುತ್ತಿ ಕೌಂಟರಿನಲ್ಲಿ ಮಾರುವುದಾದರೆ, 2021ರ ಅಕ್ಟೋಬರ್‌ನಿಂದ ಪೂರ್ತಿ ಪದಾರ್ಥಗಳ ಪಟ್ಟಿ ಇರುವ ಲೇಬಲ್ ಬೇಕೇ ಬೇಕು. ನಮ್ಮಲ್ಲಿ ಕೆಲಸ ಮಾಡುವ ಹುಡುಗಿಗೆ ನಾನು ಹೇಳಿರುವುದು ಒಂದೇ: ಯಾರಾದರೂ "ಇದರಲ್ಲಿ ನಟ್ಸ್ ಇದೆಯಾ?" ಅಂದರೆ "ಇರಲಿಕ್ಕಿಲ್ಲ" ಅನ್ನಬೇಡಮ್ಮ, ಫೈಲು ತೆಗೆದುಕೊಂಡು ಹೋಗಿ ಅವರ ಎದುರೇ ತೆರೆದು ತೋರಿಸು. ಕಾಫಿ ವಾಲ್‌ನಟ್ ಕತ್ತರಿಸಿದ ಚಾಕುವೇ ಬೇರೆ, ಅದರ ಹಿಡಿಕೆಗೆ ಕೆಂಪು ಟೇಪು ಸುತ್ತಿದ್ದೇವೆ. ಅಲರ್ಜಿ ಇರುವ ಮಗುವಿನ ತಾಯಿ ಆ ಫೈಲು ನೋಡಿದಾಗ ಭುಜ ಸ್ವಲ್ಪ ಇಳಿಯುತ್ತದೆ, ಕುರ್ಚಿಗೆ ಬೆನ್ನು ಕೊಡುತ್ತಾಳೆ. ಅಂಥ ಕುಟುಂಬ ಆ ದಾರಿಯಲ್ಲಿ ಬಂದಾಗೆಲ್ಲ ನಮ್ಮಲ್ಲೇ ನಿಲ್ಲುತ್ತದೆ.

ರೇಟು. ಅಗ್ಗ ಯಾರೂ ಕೇಳಲ್ಲ, ಮುಚ್ಚುಮರೆ ಇರಬಾರದು ಅಷ್ಟೇ. ಮೆನು ಹೊರಗೆ, ಬಾಗಿಲ ಪಕ್ಕದಲ್ಲೇ ಇರಬೇಕು. ಕೂತು, ಕೋಟು ತೆಗೆದು, ಆಮೇಲೆ ರೇಟು ನೋಡಿ ಎದ್ದು ಹೋಗೋಕೆ ಇಲ್ಲಿಯವರಿಗೆ ಬಹಳ ಮುಜುಗರ. ಹಾಗೆ ಸಿಕ್ಕಿಕೊಂಡವರು ತಿಂದು ಹೋಗುತ್ತಾರೆ, ಮತ್ತೆ ಬರಲ್ಲ. ನಿಮ್ಮ ವರ್ಷದ ವ್ಯಾಪಾರ 90,000 ಪೌಂಡ್ ದಾಟಿದರೆ ವ್ಯಾಟ್ ಬರುತ್ತದೆ, ಒಳಗೆ ಕೂತು ತಿಂದ ಕೇಕಿಗೆ 20%, ಅದೇ ಕೇಕು ಕಟ್ಟಿಸಿಕೊಂಡು ಹೋದರೆ ಸೊನ್ನೆ. ಲೆಕ್ಕ ಬೇರೆ ಬೇರೆ ಇಡಬೇಕು, ತಲೆನೋವು. ಟಿಪ್ಸ್ ಪೂರ್ತಿ ಕೆಲಸದವರಿಗೇ ಹೋಗಬೇಕು ಅಂತ 2024ರ ಅಕ್ಟೋಬರ್‌ನಿಂದ ಕಾನೂನೇ ಆಗಿದೆ. ಗಿರಾಕಿಗಳು ಈಗ ನೇರವಾಗಿ ಕೇಳುತ್ತಾರೆ, "ಇದು ಆ ಹುಡುಗಿಗೇ ಹೋಗುತ್ತಲ್ವಾ?" ಅಂತ.

ಹಾಡು ಹಾಕಲ್ಲ. ಮಾತು, ಚಮಚದ ಸದ್ದು ಸಾಕು. ಖಾಲಿ ತಟ್ಟೆ ಕಂಡ ಕೂಡಲೇ ಎತ್ತಬೇಡಿ, ಎದ್ದೇಳಿ ಅಂದ ಹಾಗಾಗುತ್ತದೆ. ಬಿಲ್ಲು ಕೇಳಿದ ಮೇಲೇ. ನಾಯಿಗೆ ಬಾಗಿಲ ಬಳಿ ನೀರಿನ ಬಟ್ಟಲು ಇಡಿ, ಡಾರ್ಟ್‌ಮೂರ್ ನಡೆಯಲು ಬರುವವರಲ್ಲಿ ನಾಯಿ ಇಲ್ಲದವರು ಕಡಿಮೆ. ಕೆಸರು ಬೂಟಿನವರಿಗಾಗಿ ಮುಂದಿನ ಕೋಣೆಯಲ್ಲಿ ಕಂಬಳಿ ಹಾಸಿಲ್ಲ, ಬರೀ ಕಲ್ಲು ನೆಲ, ಒರೆಸಿದರಾಯಿತು. ನಾವು ಮುಚ್ಚುವುದು ಐದಕ್ಕೆ. ನಾಲ್ಕೂವರೆಗೆ ನೆನೆದುಕೊಂಡು ಬರುವವರು ಇದ್ದೇ ಇರುತ್ತಾರೆ, ಅವರಿಗೆ ಪಾಟು ಮತ್ತು ಉಳಿದ ಕೇಕು ಮಾತ್ರ ಅಂತ ಬಾಗಿಲಲ್ಲೇ ಹೇಳಿ ಒಳಗೆ ಕರೆಯುತ್ತೇವೆ. ಕುರ್ಚಿಗಳನ್ನು ಮೇಜಿನ ಮೇಲೆ ಎತ್ತಿಡುವ ಕೆಲಸ ಮಾತ್ರ ಅವರು ಹೋದ ಮೇಲೇ ಶುರು.